ನಿಂತವರ ಲೆಕ್ಕ

ಟಿಕ್. ಟಿಕ್. ಟಿಕ್.

ಎರಡನೇ ಪಾಳಿ ಮುಗಿಸಿ ಕಾರ್ಖಾನೆಯಿಂದ ಹೊರಬಂದ ಶುಕ್ರಿಗೆ ಮೊದಲು ಕೇಳಿಸಿದ್ದು ಆ ಸದ್ದು. ಮಧ್ಯರಾತ್ರಿ ಹತ್ತಿರವಾಗಿತ್ತು. ಹಿಮ ಆಗಷ್ಟೇ ನಿಂತಿತ್ತು. ಅಂಥ ಹೊತ್ತಿನಲ್ಲಿ ಎಲ್ಕ್‌ಫೋರ್ಡ್ ಎಂಬ ಆ ಸಣ್ಣ ಊರಿನಲ್ಲಿ ಯಾವ ಸದ್ದೂ ದೂರ ಹೋಗುವುದಿಲ್ಲ. ಆದರೂ ಅವಳಿಗೆ ಕೇಳಿಸಿತು. ಸಣ್ಣ ಸದ್ದಿಗೆ ಕಿವಿ ನಿಮಿರುವುದು ಅವಳಿಗೆ ಸೊಮಾಲಿಯಾದ ಮೊಗದಿಶುವಿನಲ್ಲಿ ಚಿಕ್ಕಂದಿನಲ್ಲೇ ಅಂಟಿದ ರೋಗ. ಅಲ್ಲಿ ಬಾಂಬಿನ ದೊಡ್ಡ ಸದ್ದಿಗೆ ಮುಂಚೆ ಯಾವಾಗಲೂ ಒಂದು ಸಣ್ಣ ಸದ್ದು ಬರುತ್ತಿತ್ತು.

ರಸ್ತೆಯ ಬದಿಯಲ್ಲಿ ಒಂದು ಕಾರು ನಿಂತಿತ್ತು. ಬಾಗಿಲು ತೆರೆದಿತ್ತು. ಇಂಡಿಕೇಟರ್ ಸುಮ್ಮನೆ ಬಡಿದುಕೊಳ್ಳುತ್ತಿತ್ತು. ಕಾರಿನ ಮುಂದೆ, ಹಿಮದ ಮೇಲೆ, ಬಿಳಿ ಹೆಂಗಸೊಬ್ಬಳು ಮಂಡಿ ಊರಿ ಕೂತಿದ್ದಳು. ಟೋಪಿ ಹುಬ್ಬಿನ ತನಕ, ಮಫ್ಲರು ಮೂಗಿನ ತನಕ. ಅವಳ ತೊಡೆಯ ಮೇಲೆ ಇಫ್ರಾಳ ತಲೆ.

"ಗುದ್ದಿದ ಟ್ರಕ್ಕಿನವನು ನಿಲ್ಲಿಸಲೇ ಇಲ್ಲ," ಎಂದಳು ಹೆಂಗಸು. "ಆಂಬುಲೆನ್ಸ್‌ಗೆ ಹೇಳಿದೀನಿ. ನೀವು ಇವಳ ಕೈ ಹಿಡ್ಕೊಳ್ಳಿ. ನಿದ್ದೆ ಮಾಡೋಕೆ ಬಿಡಬೇಡಿ."

ಶುಕ್ರಿ ಕೈ ಹಿಡಿದುಕೊಂಡಳು. ಇಫ್ರಾಗೆ ಹತ್ತೊಂಬತ್ತು ವರ್ಷ. ಕಾರ್ಖಾನೆಯ ಲೈನಿನಲ್ಲಿ ಶುಕ್ರಿಯ ಪಕ್ಕದಲ್ಲೇ ನಿಂತು ಟರ್ಕಿ ಕೋಳಿಯ ಎದೆ ಬಿಡಿಸುವವಳು. ಆಂಬುಲೆನ್ಸ್ ಬಂತು, ಹೋಯಿತು. ಆ ಗಡಿಬಿಡಿಯಲ್ಲಿ ಕಾರಿನ ಹೆಂಗಸೂ ಹೋದಳು. ಹೆಸರು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇಫ್ರಾಳ ಬಲಪಾದ ಮೂರು ಕಡೆ ಮುರಿದಿತ್ತು. ನಿಲ್ಲಲಾಗದವರಿಗೆ ಲೈನಿನಲ್ಲಿ ಕೆಲಸವಿಲ್ಲ ಎಂದು ಕಾರ್ಖಾನೆ ಹೇಳಿತು. ಬಹಳ ಸಭ್ಯವಾಗಿಯೇ ಹೇಳಿತು.

ಕಾರ್ಖಾನೆಯಿಂದ ಸೊಮಾಲಿಗಳ ಬಿಡಾರಗಳಿಗೆ ಹೋಗುವ ರಸ್ತೆಗೆ ಫುಟ್‌ಪಾತ್ ಇಲ್ಲ. ದೀಪವೂ ಇಲ್ಲ. ಚಳಿಗಾಲದಲ್ಲಿ ಹಿಮ ಬಾಚುವ ಗಾಡಿ ಬಂದು ಎಲ್ಲ ಹಿಮವನ್ನೂ ಅಂಚಿಗೆ ನೂಕುತ್ತದೆ. ಅಂಚಿನಲ್ಲಿ ನಡೆಯುವವರು ನಡುರಸ್ತೆಗೆ ಬರುತ್ತಾರೆ. ನಗರಸಭೆಯ ಸದಸ್ಯ ಓರಿನ್ ಹೌಗನ್ ಇರುವ ಬೀದಿಗೆ ಎರಡೂ ಕಡೆ ಫುಟ್‌ಪಾತ್ ಇದೆ. ಅದರ ಮೇಲೆ ನಡೆಯುವವರು ಯಾರೂ ಇಲ್ಲ, ನಾಯಿಗಳನ್ನು ಬಿಟ್ಟರೆ.

ಹೌಗನ್ ಬಹಳ ಒಳ್ಳೆಯ ಮನುಷ್ಯ. ಈ ಮಾತನ್ನು ಮೊದಲು ಹೇಳಿದವನು ಅವನೇ. ಹದಿನೆಂಟು ವರ್ಷದಿಂದ ಆ ವಾರ್ಡಿನ ಸದಸ್ಯ. ಈದ್ ದಿನ ತಪ್ಪದೆ ಬರುತ್ತಾನೆ. ಎಲ್ಲರಿಗೂ ಸಲಾಂ ಹೇಳುತ್ತಾನೆ, ಅರ್ಧ ನುಂಗಿ ಹೇಳುತ್ತಾನೆ. ಸಮೋಸದಂಥ ಸಂಬೂಸವನ್ನು ಮಾತ್ರ ಪೂರ್ತಿ ನುಂಗುತ್ತಾನೆ. ಹೆಂಗಸರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾನೆ. ಫುಟ್‌ಪಾತ್ ಬಗ್ಗೆ ಕೇಳಿದರೆ ಎದೆಯ ಮೇಲೆ ಕೈಯಿಡುತ್ತಾನೆ. "ಖಂಡಿತ. ಮುಂದಿನ ಯೋಜನೇಲಿ."

ಇಫ್ರಾ ಆಸ್ಪತ್ರೆಯಿಂದ ಬಂದ ವಾರ, ಲೈನಿನಲ್ಲಿ ಉಬಾ ಚಾಕು ಕೆಳಗಿಟ್ಟಳು. ಉಬಾಳ ಚಾಕು ಕೆಳಗಿಳಿದದ್ದನ್ನು ಅಲ್ಲಿ ಯಾರೂ ಕಂಡವರಲ್ಲ. ಮೂರು ಮಕ್ಕಳ ತಾಯಿ, ಗಂಡನನ್ನು ಬಿಟ್ಟವಳು, ನಕ್ಕರೆ ಯಂತ್ರದ ಗದ್ದಲದ ಮೇಲೂ ಕೇಳುವಂಥವಳು.

"ಈ ಸಲ ಚುನಾವಣೆಗೆ ನಾನೇ ಇಳೀತೀನಿ," ಎಂದಳು.

"ಮೊದಲು ಚಾಕು ತಗೋ ಅಬಾಯೋ," ಎಂದಳು ಶುಕ್ರಿ. ಅಕ್ಕತಂಗಿಯರಂತೆ ಇದ್ದವರು ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. "ಮೇಸ್ತ್ರಿ ನೋಡ್ತಿದಾನೆ."

"ನೋಡ್ಲಿ. ನಾಳೆ ನನಗೇ ವೋಟು ಹಾಕ್ಬೇಕು ಅವನು."

ಎದುರು ಸಾಲಿನಲ್ಲಿದ್ದ ಎವುಲಾಲಿಯಾ ನಕ್ಕಳು. ಗ್ವಾಟೆಮಾಲಾದವಳು, ಕಳೆದ ವರ್ಷವಷ್ಟೇ ಈ ದೇಶದ ಪೌರಳಾದವಳು. "ಅವನು ಹಾಕಲ್ಲ. ನಾನು ಹಾಕ್ತೀನಿ. ಹೊಸ ವೋಟು, ಇನ್ನೂ ಪ್ಯಾಕೆಟ್ಟಲ್ಲೇ ಇದೆ."

ಶುಕ್ರಿಗೆ ನಗು ಬರಲಿಲ್ಲ. ಅವಳು ಯಾವ ಕೋಣೆಗೆ ಹೋದರೂ ಮೊದಲು ಬಾಗಿಲು ಎಲ್ಲಿದೆ ಎಂದು ನೋಡುವವಳು. ಕೆಲಸ ಹೋದರೆ? ಮನೆಯ ಮಾಲೀಕ ಬಾಡಿಗೆ ಏರಿಸಿದರೆ? ಯಾರಾದರೂ ಕಿಟಕಿಗೆ ಕಲ್ಲು ಹೊಡೆದರೆ? ಇವನ್ನೆಲ್ಲ ಒಂದೊಂದಾಗಿ ಉಬಾಗೆ ಹೇಳಿದಳು. ಉಬಾ ಎಲ್ಲವನ್ನೂ ಕೇಳಿದಳು. "ಸರಿ, ಹೆದರೋ ಕೆಲಸ ನಿನಗೆ ಬಿಟ್ಟೆ," ಎಂದಳು. "ಉಳಿದದ್ದು ನಾನು ನೋಡ್ಕೋತೀನಿ."

ಎದುರಿಸಬೇಕಾದದ್ದು ಚುನಾವಣೆಯನ್ನಲ್ಲ. ಆ ವಾರ್ಡಿನಲ್ಲಿ ಪಕ್ಷ ಯಾರಿಗೆ ಟಿಕೆಟ್ ಕೊಡುತ್ತದೋ ಅವರೇ ಗೆಲ್ಲುವುದು. ಟಿಕೆಟ್ ತೀರ್ಮಾನವಾಗುವುದು ಮಾರ್ಚ್ ತಿಂಗಳ ಒಂದು ಶನಿವಾರ, ಪ್ರಾಥಮಿಕ ಶಾಲೆಯ ಜಿಮ್ನಾಸಿಯಂನಲ್ಲಿ ಸೇರುವ ಸಭೆಯಲ್ಲಿ. ಬಂದವರೆಲ್ಲ ತಮಗೆ ಬೇಕಾದವರ ಗೋಡೆಗೆ ಹೋಗಿ ನಿಲ್ಲಬೇಕು. ಒಳಗಿರುವ ಪ್ರತಿ ಐದು ಜನರಲ್ಲಿ ಮೂವರು ಯಾರ ಗೋಡೆಯಲ್ಲಿದ್ದಾರೋ ಅವರಿಗೆ ಟಿಕೆಟ್. ಅಷ್ಟು ಜನ ಆಗದಿದ್ದರೆ ಮತ್ತೆ ಎಣಿಕೆ. ಆಗುವ ತನಕ ಎಣಿಕೆ. ನಡುವೆ ಕುರ್ಚಿಗಳಿವೆ. ಕೂತವರು ಯಾರ ಕಡೆಯೂ ಅಲ್ಲ.

ಸಭೆಗೆ ಎರಡು ದಿನ ಮುಂಚೆ ಹೌಗನ್ ಫೋನ್ ಮಾಡಿದ. ಉಬಾ ಫೋನನ್ನು ಮೇಜಿನ ಮೇಲಿಟ್ಟು ಧ್ವನಿ ದೊಡ್ಡದು ಮಾಡಿದಳು. ಅಡಿಗೆಮನೆಯಲ್ಲಿದ್ದ ಶುಕ್ರಿಗೂ ಇಫ್ರಾಗೂ ಕೇಳಲೆಂದು.

"ಉಬಾ, ನಿಮ್ಮ ಧೈರ್ಯ ನೋಡಿ ನನಗೆ ತುಂಬಾ ಸಂತೋಷ ಆಯ್ತು. ನಿಮ್ಮಂಥ ಹೆಣ್ಣುಮಕ್ಕಳು ಮುಂದೆ ಬರಬೇಕು. ನನ್ನ ಪೂರ್ತಿ ಬೆಂಬಲ ಇದೆ."

"ಹಾಗಾದ್ರೆ ನೀವು ಹಿಂದೆ ಸರೀತೀರಾ?"

"ಅಯ್ಯೋ, ಈ ಸಲ ಅಲ್ಲ. ಮುಂದೆ. ಅದಿರಲಿ, ಶನಿವಾರಕ್ಕೆ ಸಂಬೂಸ ತರ್ತೀರಲ್ಲ? ಎಲ್ಲರೂ ಕಾಯ್ತಿದಾರೆ."

"ಈ ಸಲ ಇಲ್ಲ."

"ಓ, ರಂಜಾನ್ ಅಂತಾನಾ?"

"ಅಲ್ಲ. ಅಭ್ಯರ್ಥಿ ಅಂತ."

ಇಫ್ರಾ ಊರುಗೋಲನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಎಷ್ಟೋ ವಾರದ ಮೇಲೆ ನಕ್ಕಿದ್ದಳು.

ಮಾರನೆಯ ದಿನ ಗೂಲೇದ್ ಬಂದರು. ಚಹಾ ಅಂಗಡಿಯ ಹಿರಿಯರು, ಊರಿನ ಸೊಮಾಲಿಗಳಿಗೆಲ್ಲ ಅದೇರ್, ಎಂದರೆ ಚಿಕ್ಕಪ್ಪ. ಗಡ್ಡಕ್ಕೆ ಮದರಂಗಿ, ಕೈಯಲ್ಲಿ ಬೆತ್ತ.

"ನೋಡು ಹುಡುಗಿ," ಎಂದರು. "ಹೌಗನ್ ನಮ್ಮವನು. ಮಸೀದಿಗೆ ಕಾರು ನಿಲ್ಲಿಸೋ ಜಾಗ ಕೊಡಿಸ್ತೀನಿ ಅಂದಿದಾನೆ."

"ಯಾವಾಗ ಅದೇರ್?"

"ಮುಂದಿನ ಯೋಜನೇಲಿ."

"ಹಾಂ. ನನ್ನ ಫುಟ್‌ಪಾತೂ ಅಲ್ಲೇ ಇದೆ. ಇಬ್ರೂ ಜೊತೇಲಿ ಕಾಯೋಣ."

"ಹೆಂಗಸರು ಗೋಡೆಗೆ ನಿಂತು ಲೆಕ್ಕ ಕೊಡೋದು ಚೆನ್ನಾಗಿರುತ್ತಾ? ನಾವು ಗಂಡಸರು ಹೋಗ್ತಿದೀವಿ. ಸಾಲದಾ?"

"ನೀವು ಯಾವ ಗೋಡೆಗೆ ನಿಲ್ತೀರಿ?"

ಗೂಲೇದ್ ಬೆತ್ತ ನೆಲಕ್ಕೆ ಕುಟ್ಟಿದರು. "ಇಫ್ತಾರ್ ಹೊತ್ತಿಗೆ ಮನೇಲಿರಿ," ಎಂದು ಹೇಳಿ ಹೋದರು.

ಶನಿವಾರ ಮಧ್ಯಾಹ್ನ ಹೆಂಗಸರು ಜಿಮ್ನಾಸಿಯಮ್ಮಿನ ಬಾಗಿಲಿಗೆ ಬಂದರು. ಬೆಳಗಿನ ಪಾಳಿ ಮುಗಿಸಿಯೇ ಬಂದವರು ಹಲವರು. ಬಾಗಿಲಲ್ಲಿ ಸಭಾಧ್ಯಕ್ಷ ರೋಲ್ಫ್ ನಿಂತಿದ್ದ. ನಿವೃತ್ತ ಮೇಷ್ಟ್ರು. ಕೋಟಿನ ಒಂದು ಜೇಬಿನಲ್ಲಿ ನಿಯಮಗಳ ಪುಸ್ತಕ, ಇನ್ನೊಂದರಲ್ಲಿ ಗಂಟೆ. ಹೌಗನ್‌ನ ಹಳೆಯ ಗೆಳೆಯ. ಉಬಾಳನ್ನು ಕಂಡು ಕೈ ಬೀಸಿದ.

"ಉಬಾ! ಅಡಿಗೆಮನೆ ಬಾಗಿಲು ಹಿಂದೆ ಇದೆ, ಗೊತ್ತಲ್ಲ?"

ಉಬಾ ಎರಡೂ ಕೈ ಮುಂದೆ ಚಾಚಿದಳು. ಖಾಲಿ ಕೈ. ಬೆರಳುಗಳು ಅರ್ಧ ಮಡಚಿಕೊಂಡಿದ್ದವು. ಲೈನಿನ ಚಳಿಗೆ ಹನ್ನೊಂದು ವರ್ಷ ಚಾಕು ಹಿಡಿದ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ. ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿ ಒಂದೊಂದಾಗಿ ಬಿಡಿಸಿಕೊಳ್ಳಬೇಕು.

ರೋಲ್ಫ್ ಆ ಕೈಗಳನ್ನು ನೋಡಿದ. ಕೆಂಪಾದ. "ಅಭ್ಯಾಸ," ಎಂದ.

"ನಮಗೂ ಅಭ್ಯಾಸ ಆಗಿತ್ತು," ಎಂದು ಉಬಾ ಮುಂದಿನ ಬಾಗಿಲಿನಿಂದಲೇ ಒಳಗೆ ಹೋದಳು.

ಮೊದಲ ಎಣಿಕೆಯಲ್ಲಿ ಹೌಗನ್ ಕಡೆ ತುಂಬ ಜನ. ಗೂಲೇದರೂ ಅವರ ಜೊತೆಯ ಹತ್ತಾರು ಗಂಡಸರೂ ಅಲ್ಲೇ ಇದ್ದರು. ಆದರೂ ಐದರಲ್ಲಿ ಮೂರು ಪಾಲು ಆಗಲಿಲ್ಲ, ಇಬ್ಬರು ಕಡಿಮೆ ಬಿದ್ದರು. ಉಬಾಳ ಗೋಡೆಯಲ್ಲಿ, ಬಾಸ್ಕೆಟ್‌ಬಾಲಿನ ಬಳೆಯ ಕೆಳಗೆ, ನಲವತ್ತೈದು ಜನ. ಸೊಮಾಲಿ ಹೆಂಗಸರು, ಎವುಲಾಲಿಯಾ ಕರೆತಂದ ಏಳೆಂಟು ಮಂದಿ, ಶಾಲೆಯ ಬಿಳಿ ಟೀಚರೊಬ್ಬಳು, ಮತ್ತು ಊರುಗೋಲಿನ ಇಫ್ರಾ.

"ನೀವು ಕೂತ್ಕೋಬಹುದು," ಎಂದ ರೋಲ್ಫ್ ಇಫ್ರಾಗೆ. "ನಿಮ್ಮನ್ನ ನಿಂತವರ ಲೆಕ್ಕಕ್ಕೇ ಹಾಕ್ತೀನಿ."

"ಬೇಡ. ನಿಲ್ಲೋಕೆ ಆಗಲ್ಲ ಅಂತ ಕೆಲಸದಿಂದ ತೆಗೆದರು. ಆಗುತ್ತೆ ಅಂತ ನಾನೂ ನೋಡಬೇಕು."

ಎರಡನೆಯ ಎಣಿಕೆಗೆ ಮುಂಚೆ ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಹೆಂಗಸರಲ್ಲಿ ಐದು ಜನ ಮೊದಲ ಸರದಿಯಲ್ಲಿ ಹೊರಗಿನ ಓಣಿಗೆ ಹೋಗಿ ಕೋಟು ಹಾಸಿ ನಮಾಜು ಮಾಡಿದರು. ಎದ್ದು ಬಂದರೆ ಬಾಗಿಲು ಹಾಕಿತ್ತು. ಶುಕ್ರಿ ಬಡಿದಳು. ಗಾಜಿನ ಚೌಕದಾಚೆ ರೋಲ್ಫ್‌ನ ಮುಖ ಕಾಣಿಸಿತು. ಒಳಗೆ ಎಣಿಕೆ ನಡೆಯುತ್ತಿತ್ತು. ಇವರಿಲ್ಲದೆ.

ಆಮೇಲೆ ತಿಳಿಯಿತು. ಇವರು ಹೊರಗೆ ಹೋದ ಕೂಡಲೇ ಹೌಗನ್ ಒಂದು ನಿಯಮ ಮುಂದಿಟ್ಟಿದ್ದ. ಗಂಟೆ ಬಾರಿಸಿದ ಮೇಲೆ ಬಾಗಿಲು ಹಾಕತಕ್ಕದ್ದು, ಎಣಿಕೆ ಮುಗಿಯುವ ತನಕ ಯಾರಿಗೂ, ಎಂಥವರಿಗೂ ತೆಗೆಯತಕ್ಕದ್ದಲ್ಲ, ಹೊರಗಿದ್ದವರು ಲೆಕ್ಕಕ್ಕಿಲ್ಲ. ಒಳಗಿದ್ದವರು ಕೈಯೆತ್ತಿ ಒಪ್ಪಿದ್ದರು. ಆ ಎಣಿಕೆಯಲ್ಲಿ ಹೌಗನ್ ಗೆದ್ದೇಬಿಡುತ್ತಿದ್ದ. ಅವನ ಕಡೆಯವರು ನಾಲ್ಕೈದು ಜನ ಕಾಫಿಗೆಂದು ಓಣಿಗೆ ಬಂದು, ಅವರೂ ಹೊರಗೇ ಸಿಕ್ಕಿಬಿದ್ದಿದ್ದರು. ಹಾಗಾಗಿ ಉಳಿಯಿತು. ಕಾಫಿಯಿಂದ ಉಳಿಯಿತು.

ಗಾಜಿನ ಚೌಕಕ್ಕೆ ಹಣೆ ಒತ್ತಿ ನಿಂತಿದ್ದ ಆ ಹೊತ್ತು ಶುಕ್ರಿಗೆ ಎಷ್ಟೋ ಹಳೆಯ ಬಾಗಿಲುಗಳು ನೆನಪಾದವು. ನಿರಾಶ್ರಿತರ ಶಿಬಿರದ ಕಚೇರಿಯ ಬಾಗಿಲು. ವೀಸಾ ಕಿಟಕಿ. ಲೈನಿನ ಪಕ್ಕದ ಶೌಚಾಲಯದ ಬಾಗಿಲು. ಅಲ್ಲಿಗೆ ಹೋಗಲು ಕೈಯೆತ್ತಿ ನಿಲ್ಲಬೇಕು, ಮೇಸ್ತ್ರಿ ತಲೆಯಾಡಿಸಬೇಕು. ಒಮ್ಮೆ ಅವನು ತಲೆಯಾಡಿಸಲಿಲ್ಲ. ಅವಳು ಆ ದಿನ ಒದ್ದೆ ಪ್ಯಾಂಟಿನಲ್ಲೇ ಪಾಳಿ ಮುಗಿಸಿದ್ದಳು. ಮನೆಗೆ ಹೋಗಿ ಯಾರಿಗೂ ಹೇಳಿರಲಿಲ್ಲ. ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಒಂದೊಂದು ದಿನ ಆಗಿತ್ತು.

ಬಾಗಿಲು ತೆರೆದಾಗ ಉಬಾ ಒಳಗಿಂದ ಕೂಗಿದಳು. "ಇನ್ನು ಯಾರೂ ಕದಲಬೇಡಿ. ಎಲ್ಲ ಇಲ್ಲೇ. ಏನಿದ್ರೂ ಬಿಡುವಿನ ಹೊತ್ತಲ್ಲಿ."

ಕದಲಲಿಲ್ಲ.

ಮೂರನೆಯ ಎಣಿಕೆ. ನಾಲ್ಕನೆಯದು. ನಡುವೆ ಆಕ್ಷೇಪಣೆಗಳು. ಹೌಗನ್ ಕಡೆಯವರು ಒಬ್ಬರಾದ ಮೇಲೆ ಒಬ್ಬರು ಕೈಯೆತ್ತಿ ನಿಯಮ ಕೇಳುತ್ತಿದ್ದರು. ರೋಲ್ಫ್ ಕನ್ನಡಕ ಹಾಕಿಕೊಂಡು ಪುಸ್ತಕ ಓದುತ್ತಿದ್ದ. ಓದಿದ್ದನ್ನು ಮತ್ತೆ ಓದುತ್ತಿದ್ದ. ಶುಕ್ರಿಗೆ ಅರ್ಥವಾಯಿತು. ಹೊತ್ತು ಕಳೆಯುತ್ತಿದ್ದಾರೆ. ಉಪವಾಸದ ಹೆಂಗಸರು, ಸೂರ್ಯ ಮುಳುಗುವ ಹೊತ್ತಿಗೆ ಮನೆಗೆ ಓಡಿ ಒಲೆ ಹಚ್ಚುತ್ತಾರೆ ಎಂದುಕೊಂಡಿದ್ದಾರೆ.

"ಹೊರಡಲಿ ಅಂತ ಕಾಯ್ತಿದಾರೆ," ಎಂದಳು ಉಬಾಳ ಕಿವಿಯಲ್ಲಿ.

"ಕಾಯ್ಲಿ," ಎಂದಳು ಉಬಾ. "ಅವರ ಕಾಲು ನೋಡು."

ಶುಕ್ರಿ ನೋಡಿದಳು. ಎದುರು ಗೋಡೆಯಲ್ಲಿ ಕಾಲುಗಳು ಆಗಲೇ ಸೋತಿದ್ದವು. ಒಬ್ಬ ಗೋಡೆಗೆ ಒರಗಿದ್ದ. ಒಬ್ಬಳು ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಳು. ನಿಲ್ಲುವುದಕ್ಕೂ ಒಂದು ವಿದ್ಯೆ ಬೇಕು. ಮಂಡಿ ಬಿಗಿ ಹಿಡಿಯಬಾರದು. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ಇರಬೇಕು. ಬೂಟಿನೊಳಗೆ ಬೆರಳು ಮಡಚಿ ಬಿಡಿಸುತ್ತ ಇರಬೇಕು. ಉಬಾಳ ಗೋಡೆಯ ಹೆಂಗಸರು ಇದನ್ನು ಹೇಳಿಕೊಳ್ಳದೆ ಮಾಡುತ್ತಿದ್ದರು. ಕೆಳಗೆ ಒದ್ದೆ ನೆಲವಿಲ್ಲ, ಕೊರೆಯುವ ಚಳಿಯಿಲ್ಲ, ಮುಂದೆ ಓಡುವ ಕೋಳಿಗಳಿಲ್ಲ. ಕೆಲವರಿಗೆ ಇದು ರಜೆಯ ಹಾಗೇ ಇತ್ತು.

"ಇಲ್ಲಿ ಯಾರೂ ಬೈತಾನೂ ಇಲ್ಲ," ಎಂದಳು ಎವುಲಾಲಿಯಾ. "ದಿನಾ ಸಭೆ ಇಡ್ಲಿ."

ಐದು ಗಂಟೆಗೆ ಎದುರು ಗೋಡೆ ಕರಗತೊಡಗಿತು. ಎಲ್ಕ್‌ಫೋರ್ಡಿನಲ್ಲಿ ರಾತ್ರಿಯೂಟ ಐದೂವರೆಗೆ. ಪ್ರತಿವರ್ಷ ಹೊಟ್ಟೆ ತಡೆಯುತ್ತಿದ್ದದ್ದು ಹಿಂದಿನ ಮೇಜಿನ ಸಂಬೂಸ. ಈ ವರ್ಷ ಆ ಮೇಜಿನ ಮೇಲೆ ಒಂದು ಕಾಫಿ ಪಾತ್ರೆ, ಒಂದು ತಟ್ಟೆ ಬಿಸ್ಕತ್ತು. ಬಿಸ್ಕತ್ತು ಎರಡು ಗಂಟೆಗೇ ಮುಗಿದಿತ್ತು. ಸಾಲದ್ದಕ್ಕೆ ಆ ಸಂಜೆ ಟೀವಿಯಲ್ಲಿ ಶಾಲೆಗಳ ಹಾಕಿ ಫೈನಲ್. ಒಬ್ಬರು ಗೋಡೆ ಬಿಟ್ಟರು, ಕೋಟು ಹಾಕಿಕೊಂಡರು. "ಇಷ್ಟು ಜನ ಇದೀರಲ್ಲ, ಸಾಕು," ಎಂದು ಹೋದರು. ಹಾಗೆ ಹೇಳಿ ಹೋದವರೇ ಬಹಳ ಜನ.

ಆರು ದಾಟಿದ ಮೇಲೆ, ಒಂದೇ ಹೊತ್ತಿಗೆ, ಜಿಮ್ನಾಸಿಯಮ್ಮಿನ ಎರಡೂ ಗೋಡೆಗಳಲ್ಲಿ ಹತ್ತಾರು ಫೋನುಗಳು ಅಜಾನ್ ಕೂಗಿದವು. ರೋಲ್ಫ್ ಬೆಚ್ಚಿ ಪುಸ್ತಕ ಬೀಳಿಸಿದ.

ಗೂಲೇದ್ ಬೆತ್ತ ಹಿಡಿದು ಹೊರಟರು. ಅವರ ಹಿಂದೆ ಗಂಡಸರೆಲ್ಲ ಹೊರಟರು. ಯೋಚಿಸಿ ಹೊರಟದ್ದಲ್ಲ. ಅಜಾನ್ ಆಯಿತು, ಇನ್ನು ಮನೆಗೆ ಹೋಗಬೇಕು, ಮನೆಯಲ್ಲಿ ತಟ್ಟೆ ಕಾದಿರುತ್ತದೆ. ಹುಟ್ಟಿದಾಗಿನಿಂದ ಹಾಗೇ ನಡೆದುಬಂದಿದೆ. ಸಾಲಾಗಿ ಬಾಗಿಲು ದಾಟಿದರು. ಹೌಗನ್ ಒಬ್ಬೊಬ್ಬರ ತೋಳು ಹಿಡಿದು ಏನೋ ಹೇಳಿದ. "ಐದು ನಿಮಿಷ, ಐದು ನಿಮಿಷ," ಎಂದರು ಅವರು.

ಈ ಕಡೆ ಉಬಾ ಕೋಟಿನ ಜೇಬಿನಿಂದ ಖರ್ಜೂರ ತೆಗೆದಳು. ಕೈಯಿಂದ ಕೈಗೆ ಹೋಯಿತು. ನೀರಿನ ಬಾಟಲಿಯೂ ಹೋಯಿತು. ಯಾರೂ ಗೋಡೆ ಬಿಡಲಿಲ್ಲ. ಎವುಲಾಲಿಯಾ ಕೈ ಚಾಚಿದಳು.

"ನನಗೂ ಒಂದು. ನಮ್ಮ ಚರ್ಚಲ್ಲೂ ಈಗ ಉಪವಾಸದ ಕಾಲವೇ. ಮಾಂಸ ಬಿಟ್ಟಿದೀನಿ."

"ಕಷ್ಟ ಅಲ್ವಾ?"

"ಹತ್ತು ವರ್ಷ ಕೋಳಿ ಕೊಯ್ದವಳಿಗಾ?"

ಅಷ್ಟರಲ್ಲಿ ಉಬಾಳ ಫೋನ್ ಬಡಿದುಕೊಂಡಿತು. ಗೂಲೇದರ ಧ್ವನಿ ಪಕ್ಕದವರಿಗೂ ಕೇಳುವಷ್ಟಿತ್ತು. "ಉಬಾ! ಇಲ್ಲಿ ಯಾರ ಮನೇಲೂ ಏನೂ ಇಲ್ಲ! ಒಲೆ ತಣ್ಣಗಿದೆ! ಊಟ ಎಲ್ಲಿ?"

"ಇಲ್ಲಿ ನಿಂತಿದೆ ಅದೇರ್," ಎಂದಳು ಉಬಾ.

ಗೋಡೆಗೆ ಗೋಡೆಯೇ ನಕ್ಕಿತು. ಬಿಳಿ ಟೀಚರಿಗೆ ಯಾರೋ ಹೇಳಿದ ಮೇಲೆ ಅವಳೂ ನಕ್ಕಳು, ಸ್ವಲ್ಪ ತಡವಾಗಿ.

ಮತ್ತೆ ಎಣಿಕೆ. ಈಗ ಹೌಗನ್ ಕಡೆ ಮೂವತ್ತೊಂದು. ಈ ಕಡೆ ಅದೇ ನಲವತ್ತೈದು. ರೋಲ್ಫ್ ಕಾಗದದ ಮೇಲೆ ಗುಣಿಸಿದ, ಭಾಗಿಸಿದ. ಹಣೆ ಒರೆಸಿಕೊಂಡ.

"ಉಬಾಗೆ ಒಬ್ಬರು ಕಡಿಮೆ," ಎಂದ. "ಒಳಗಿರೋರಲ್ಲಿ ಐದಕ್ಕೆ ಮೂರು ಆಗಬೇಕು. ಹೌಗನ್ ಕಡೆ ಮೂವತ್ತೇ ಇದ್ದಿದ್ರೆ ಸರಿಯಾಗ್ತಿತ್ತು. ಹತ್ತು ನಿಮಿಷ ಬಿಡುವು. ಆಮೇಲೆ ಗಂಟೆ."

ಹೌಗನ್ ಮೂಲೆಗೆ ಹೋಗಿ ಫೋನ್ ಹಿಡಿದ. "ಪಂದ್ಯ ಬಿಟ್ಟು ಬನ್ನಿ. ಈಗಲೇ. ಹೌದು, ಗೂಲೇದ್‌ಗೂ ಹೇಳಿ." ಶುಕ್ರಿಗೆ ಕೇಳಿಸಿತು. ಊರು ಚಿಕ್ಕದು. ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಬರಬಹುದು. ನಾಲ್ಕು ಜನ ಬಂದರೂ ಮುಗಿಯಿತು. ರಾತ್ರಿಯೆಲ್ಲ ಎಣಿಕೆ, ನಾಳೆ ಬೆಳಗಿನ ಪಾಳಿ. ಪಾಳಿ ತಪ್ಪಿಸಿದರೆ ಕೆಲಸ ಹೋಗುವವರು ಅರ್ಧ ಜನ.

ಹೆಂಗಸರು ಬಳೆಯ ಕೆಳಗೇ ಸಾಲಾಗಿ ನಮಾಜಿಗೆ ನಿಂತರು. ಶುಕ್ರಿ ಎಲ್ಲರ ಕೋಟು ಹೊತ್ತುಕೊಂಡಿದ್ದಳು. ಕೊನೆಯವಳಾಗಿ ಕೈಕಾಲು ತೊಳೆಯಲು ಓಡಿದಳು. ಓಣಿಯ ಆಚೆ ಮಕ್ಕಳ ಶೌಚಾಲಯ. ಬೇಸಿನ್ನುಗಳು ಮಂಡಿಯೆತ್ತರಕ್ಕೆ. ಊರಿನಲ್ಲಿ ನಮಾಜಿಗೆ ಮುಂಚೆ ಕಾಲು ತೊಳೆಯಲು ಅನುಕೂಲವಾದ ಜಾಗ ಅದೊಂದೇ. ಬೂಟು ಬಿಚ್ಚಿ, ಬಲಗಾಲು ಎತ್ತಿ ಬೇಸಿನ್ನಿಗಿಟ್ಟಳು. ಆಗ ಕೇಳಿಸಿತು, ಹಿಂದಿನ ಚಿಲಕದ ಸದ್ದು.

ತಿರುಗಿದಳು. ಮಕ್ಕಳ ಶೌಚಾಲಯದ ಕದಗಳು ಎದೆಯೆತ್ತರಕ್ಕಿದ್ದವು. ಒಂದು ಕದದ ಮೇಲೆ ಬಿಳಿ ಕೂದಲ ತಲೆಯೊಂದು ಕಾಣಿಸುತ್ತಿತ್ತು. ಹೌಗನ್‌ನ ಹೆಂಡತಿ ಮಾರ್ಲಿಸ್. ಚಿಲಕ ಹಾಕಿಕೊಳ್ಳುತ್ತಿದ್ದಳು.

ಶುಕ್ರಿ ಕಾಲು ಇಳಿಸಲು ಹೋದಳು. ಬೇಸಿನ್ನಿನಲ್ಲಿ ಕಾಲಿಟ್ಟು ಸಿಕ್ಕಿಬಿದ್ದು ಬೈಸಿಕೊಂಡ ದಿನಗಳಿದ್ದವು.

"ನನ್ನ ನೋಡಿಲ್ಲ ಅಂದ್ಕೊಳ್ಳಿ," ಎಂದಿತು ತಲೆ. "ನಿಮ್ಮ ಕಾಲನ್ನ ನಾನೂ ನೋಡಿಲ್ಲ."

"ಈಗ ಗಂಟೆ ಹೊಡೀತಾರೆ. ಬೇಗ ಮುಗಿಸಿ ಬನ್ನಿ," ಎಂದಳು ಶುಕ್ರಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಯಾರನ್ನು ಕರೆಯುತ್ತಿದ್ದೇನೆ? ಲೈನಿನ ಅಭ್ಯಾಸ. ಶೌಚಾಲಯದಲ್ಲಿದ್ದವರನ್ನು ಎಚ್ಚರಿಸಿಯೇ ಹೊರಡುವುದು.

"ನಾನು ಬರಲ್ಲ."

"ಹುಷಾರಿಲ್ವಾ?"

"ಹುಷಾರಾಗಿದೀನಿ." ಸ್ವಲ್ಪ ತಡೆದು, "ಆ ಹುಡುಗಿ ಪಾದ ಇನ್ನೂ ಊದಿದೆಯಾ? ಇಡೀ ದಿನ ನಿಂತಿದ್ಲು. ಆ ರಾತ್ರಿ ನಾನು ಬೂಟು ಬಿಚ್ಚಬಾರದಿತ್ತು ಅನ್ಸುತ್ತೆ. ಬಿಚ್ಚಿಬಿಟ್ಟೆ."

ನಲ್ಲಿಯ ನೀರು ಶುಕ್ರಿಯ ಕಾಲಿನ ಮೇಲೆ ಬೀಳುತ್ತಲೇ ಇತ್ತು. ತಣ್ಣನೆಯ ನೀರು. ಟೋಪಿ ಮಫ್ಲರುಗಳ ನಡುವೆ ಕಂಡಿದ್ದ ಎರಡು ಕಣ್ಣು ಕದದ ಮೇಲಿನಿಂದ ನೋಡುತ್ತಿದ್ದವು.

"ನೀವಾ?"

"ಮನೆಗೆ ಹೋಗಿ ಓರಿನ್‌ಗೆ ಹೇಳ್ದೆ. ಕೋಟಿನ ತುಂಬಾ ರಕ್ತ. ಹಾಗೇ ನಿಂತು ಹೇಳ್ದೆ. ಅವನು ಏನಂದ ಗೊತ್ತಾ? ಮುಂದಿನ ಯೋಜನೇಲಿ ನೋಡೋಣ ಅಂದ. ನನಗೆ. ಅವನ ಹೆಂಡತಿಗೆ."

ಶುಕ್ರಿಯ ಬಾಯಿಗೆ ನಗು ಬಂತು, ಹಿಂದೆಯೇ ಸಿಟ್ಟು ಬಂತು. "ಹಾಗಿದ್ರೆ ನಮ್ಮ ಗೋಡೆಗೆ ಬನ್ನಿ. ಎಲ್ಲರ ಮುಂದೆ ಬನ್ನಿ."

"ಅಷ್ಟು ಧೈರ್ಯ ನನಗಿಲ್ಲ." ತಲೆ ಕದದ ಹಿಂದೆ ಇಳಿಯಿತು, ಕೂತಿತು. ಮಕ್ಕಳ ಕಮೋಡು ಕಿರುಗುಟ್ಟಿತು. "ನಾಳೆ ಬೆಳಿಗ್ಗೆ ಅವನ ಎದುರು ಕೂತು ಕಾಫಿ ಕುಡೀಬೇಕು. ಇಲ್ಲಿ ಕೂತಿರೋ ಅಷ್ಟು ಧೈರ್ಯ ಇದೆ. ಹೋಗಿ ನೀವು."

ಗಂಟೆ ಹೊಡೆಯಿತು.

ಶುಕ್ರಿ ಬೂಟು ಕೈಯಲ್ಲಿ ಹಿಡಿದು ಓಡಿದಳು. ಬರಿಗಾಲು, ಒದ್ದೆ ಕಾಲು. ನಯವಾದ ನೆಲದ ಮೇಲೆ ಎರಡು ಸಲ ಜಾರಿದಳು. ರೋಲ್ಫ್ ಬಾಗಿಲು ಎಳೆಯುತ್ತಿದ್ದ. ಓಣಿಯ ಆ ತುದಿಯಲ್ಲಿ ಹೊರಬಾಗಿಲು ತೆರೆದ ಸದ್ದಾಯಿತು, ಬೂಟುಗಳ ಸದ್ದು, ಬೆತ್ತದ ಸದ್ದು. ಅವಳು ತೋಳನ್ನು ಸಂದಿಗೆ ತೂರಿಸಿ, ಆಮೇಲೆ ಭುಜ, ಆಮೇಲೆ ಪೂರ್ತಿ ತೂರಿ ಒಳಗೆ ಬಿದ್ದಳು. ಬಾಗಿಲು ಹಾಕಿತು.

ಮರುಕ್ಷಣ ಬಾಗಿಲು ದಡದಡ ಬಡಿಯಿತು. ಗಾಜಿನ ಚೌಕದಲ್ಲಿ ಮದರಂಗಿ ಗಡ್ಡ.

"ತೆಗೀರಿ! ನಾವು ಹಿರಿಯರು!"

"ತೆಗಿ ರೋಲ್ಫ್," ಎಂದ ಹೌಗನ್. "ನಮ್ಮವರು ಬಂದಿದಾರೆ. ಮಾರ್ಲಿಸ್‌ನೂ ಕಾಣ್ತಿಲ್ಲ. ಹೊರಗೇ ಇದಾಳೆ."

ರೋಲ್ಫ್ ಗೆಳೆಯನ ಮುಖ ನೋಡಿದ. ಪುಸ್ತಕ ನೋಡಿದ. ಅವನು ಗೆಳೆಯನಿಗೂ ಮುಂಚಿನಿಂದ ನಿಯಮಗಳನ್ನು ಪ್ರೀತಿಸಿದವನು. "ಯಾರಿಗೂ, ಎಂಥವರಿಗೂ," ಎಂದು ಓದಿದ. "ಮೂರು ಗಂಟೆಗೆ ನೀನೇ ಬರೆಸಿದ್ದು ಓರಿನ್."

"ನಾನು ಅವರಿಗೆ ಅಂತ..." ಎಂದು ಹೌಗನ್ ಬಾಯಿ ತೆರೆದ.

"ಹೇಳಿ," ಎಂದಳು ಉಬಾ, ಬಳೆಯ ಕೆಳಗೆ ನಿಂತಲ್ಲಿಂದಲೇ. "ಯಾರಿಗೆ ಅಂತ?"

ಬಾಗಿಲು ಬಡಿಯುತ್ತಲೇ ಇತ್ತು. ರೋಲ್ಫ್ ಎಣಿಸಿದ. ಆ ಕಡೆ ಮೂವತ್ತು. ಈ ಕಡೆ ಬಂದು ಒಬ್ಬೊಬ್ಬರ ಮುಂದೆಯೂ ಬೆರಳು ತೋರಿಸಿ ಎಣಿಸಿದ. ಇಫ್ರಾಳ ಮುಂದೆ ಬಂದಾಗ ಅವಳು ಊರುಗೋಲನ್ನು ಪಕ್ಕದವಳಿಗೆ ಕೊಟ್ಟಳು. ಎರಡೂ ಕಾಲ ಮೇಲೆ ನಿಂತಳು. ಮುಖ ಬಿಳಿಚಿತು. ಅವನ ಬೆರಳು ದಾಟಿದ ಮೇಲೂ ಹಾಗೇ ನಿಂತಿದ್ದಳು.

ಕೊನೆಯ ಬೆರಳು ಶುಕ್ರಿಗೆ. ಕೈಯಲ್ಲಿ ಬೂಟು, ಕಾಲ ಕೆಳಗೆ ನೀರಿನ ಕೆರೆ. "ನಲವತ್ತೈದು," ಎಂದ ರೋಲ್ಫ್.

ಐದಕ್ಕೆ ಮೂರು. ಸರಿಯಾಗಿ.

ಉಬಾ ಕಿರುಚಲಿಲ್ಲ. ಮೊದಲ ಸಲ ಅವಳು ನಡುವೆ ಇದ್ದ ಕುರ್ಚಿಯೊಂದಕ್ಕೆ ಬಂದು ಕೂತಳು. "ಈಗ ಕೂರಬಹುದಲ್ಲ?" ಎಂದು ಕೇಳಿದಳು.

ಆಮೇಲಿನದು ಗದ್ದಲ. ಬಾಗಿಲು ತೆರೆದ ಕೂಡಲೇ ಗೂಲೇದ್ ಒಳಗೆ ನುಗ್ಗಿದರು, ಸುದ್ದಿ ಕೇಳಿದರು, ಒಂದು ಗಳಿಗೆ ಬೆತ್ತದ ಮೇಲೆ ಬಾಗಿ ನಿಂತರು. "ನಮ್ಮ ಹುಡುಗಿ! ಮೊದಲಿನಿಂದ ಹೇಳ್ತಾನೇ ಇದ್ದೆ!" ಎಂದು ರೋಲ್ಫ್‌ನ ಕೈ ಕುಲುಕಿದರು. "ಮಸೀದಿ ಜಾಗದ ವಿಷಯ ಮರೀಬೇಡಮ್ಮ," ಎಂದು ಉಬಾಗೂ ಹೇಳಿದರು. ಹೌಗನ್ ಉಬಾಳ ಕೈ ಕುಲುಕಿ ತನ್ನ ಪೂರ್ತಿ ಬೆಂಬಲ ಇದೆ ಎಂದ. ಈ ಸಲ ಅದು ಬೇಕಾಗಿರಲಿಲ್ಲ.

ಉಬಾಳ ಹಳೆಯ ವ್ಯಾನಿನಲ್ಲಿ ಏಳು ಜನರ ಜಾಗಕ್ಕೆ ಹನ್ನೊಂದು ಜನ ಹತ್ತಿದರು. ಇಫ್ರಾಗೆ ಮುಂದಿನ ಸೀಟು, ಪಾದ ಮೇಲಕ್ಕೆ. ಹಿಂದೆ ಯಾರೋ ಹಾಡು ಶುರುಮಾಡಿದರು, ಯಾರೋ ವ್ಯಾನಿನ ಬದಿ ಬಡಿದು ತಾಳ ಹಾಕಿದರು. ಉಬಾ ಕನ್ನಡಿಯಲ್ಲಿ ಶುಕ್ರಿಯನ್ನು ನೋಡಿದಳು.

"ಅಬಾಯೋ, ಅಷ್ಟು ಹೊತ್ತು ಏನು ಮಾಡ್ತಿದ್ದೆ ಅಲ್ಲಿ? ಯಾರಿದ್ರು? ಹೌಗನ್ ಹೆಂಡತಿ ಹೊಟ್ಟೆ ಕೆಟ್ಟು ಒಳಗೇ ಉಳಿದ್ಲಂತೆ, ಹೌದಾ?"

ಶುಕ್ರಿ ಬಾಯಿ ತೆರೆದಳು. ಹೇಳಿದರೆ ಈ ವ್ಯಾನಿನಲ್ಲಿ ಎಂಥ ನಗು ಏಳುತ್ತದೆ ಎಂದು ಗೊತ್ತಿತ್ತು. ನಾಳೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ನಾಡಿದ್ದು ಪತ್ರಿಕೆಯಲ್ಲಿ ಬರುತ್ತದೆ, ಆ ಬಿಳಿ ತಲೆಯ ದೊಡ್ಡ ಫೋಟೊದ ಜೊತೆ. ಒಬ್ಬ ಬಿಳಿ ಹೆಂಗಸಿನ ದೊಡ್ಡ ಮನಸ್ಸಿನಿಂದ ಸೊಮಾಲಿ ಹೆಂಗಸು ಗೆದ್ದಳು. ನಲವತ್ತೈದು ಜನ ಮಧ್ಯಾಹ್ನದಿಂದ ರಾತ್ರಿಯ ತನಕ, ಹೊಟ್ಟೆಗಿಲ್ಲದೆ, ಒರಗದೆ ನಿಂತದ್ದು ಕೊನೆಯ ಸಾಲಿನಲ್ಲೂ ಇರುವುದಿಲ್ಲ. ಮಾರ್ಲಿಸ್ ಕೂತದ್ದೇ ಕಥೆಯಾಗುತ್ತದೆ.

ಇಫ್ರಾಗೆ ಹೇಳದಿರುವುದು ಮಾತ್ರ ಕಷ್ಟ. ಆ ರಾತ್ರಿ ಯಾರ ತೊಡೆಯ ಮೇಲೆ ತನ್ನ ತಲೆಯಿತ್ತು ಎಂದು ಅವಳು ಎಷ್ಟೋ ಸಲ ಕೇಳಿದ್ದಳು.

ಶಾಲೆಯ ಗೇಟಿನಲ್ಲಿ ಅವರ ಮುಂದೆ ಒಂದು ಕಾರು ನಿಂತಿತ್ತು, ಎಡಕ್ಕೆ ತಿರುಗಲು. ಕಿಟಕಿ ಒಂದಿಷ್ಟು ಇಳಿದಿತ್ತು. ಟಿಕ್. ಟಿಕ್. ಟಿಕ್. ಚಾಲಕಿಯ ಜಾಗದಲ್ಲಿ ಬಿಳಿ ತಲೆ. ಪಕ್ಕದಲ್ಲಿ ಹೌಗನ್ ಕೈಯಾಡಿಸಿ ಏನೋ ಹೇಳುತ್ತಿದ್ದ. ಬಿಳಿ ತಲೆ ಅತ್ತಿತ್ತ ಅಲುಗಲಿಲ್ಲ. ಕಾರು ತಿರುಗಿ ಹೋಯಿತು.

"ಮಾತಾಡೇ," ಎಂದಳು ಉಬಾ. "ಯಾರಿದ್ರು ಒಳಗೆ?"

"ಯಾರೂ ಇರಲಿಲ್ಲ," ಎಂದಳು ಶುಕ್ರಿ. "ನೀರು ತಣ್ಣಗಿತ್ತು. ಅದಕ್ಕೇ ತಡ ಆಯ್ತು."

ಉಬಾಗೂ ಹೇಳುವುದಿಲ್ಲ. ಇಫ್ರಾಗೂ ಇಲ್ಲ. ಯಾರಿಗೂ ಇಲ್ಲ. ಹಾಗೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು, ಶುಕ್ರಿ ಒದ್ದೆ ಕಾಲಿಗೇ ಏರಿಸಿಕೊಂಡಿದ್ದ ಬೂಟಿನ ಲೇಸು ಕಟ್ಟತೊಡಗಿದಳು.